ಬಾಟ್ಲಿ ಕೇಳುತ್ತಿದ್ದ ಹೆಂಗಸು

ಎಂಬತ್ತರ ದಶಕದ ಶುರುವಿನಲ್ಲಿ ನಾನು ಜಗಳೂರು ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಾಗಿದ್ದೆ. ಅಲ್ಲಿಯ ಜನಕ್ಕೆ ಗ್ಲೂಕೋಸ್ ಬಾಟ್ಲಿಯ ಹುಚ್ಚು. ಜ್ವರಕ್ಕೂ ಬಾಟ್ಲಿ, ಮೈಕೈ ನೋವಿಗೂ ಬಾಟ್ಲಿ, ಬೀಗರ ಜೊತೆ ಜಗಳವಾಡಿ ಸುಸ್ತಾದರೂ ಬಾಟ್ಲಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಮನೆಗೆ ಹೋಗಿ ಒಂದು ಮುದ್ದೆ ಉಣ್ಣಿ ಎಂದು ಬೈದು ಕಳಿಸುತ್ತಿದ್ದೆ.

ಹಾಗೆ ಬೈಸಿಕೊಂಡವರಲ್ಲಿ ಇವಳೂ ಒಬ್ಬಳು. ಇಪ್ಪತ್ತೈದರ ಆಸುಪಾಸು, ಬಿಳಿಚಿದ ಮುಖ, ಸುಡು ಬೇಸಿಗೆಯಲ್ಲೂ ಮೈತುಂಬ ಹೊದ್ದ ಸೆರಗು. ಅತ್ತೆ ಕೈ ಹಿಡಿದು ಕರೆತರುತ್ತಿದ್ದಳು.

"ಒಂದು ಬಾಟ್ಲಿ ಹಾಕ್ರಿ ಸಾರ್. ಹಾಕಿದ್ರೆ ನಾಕು ದಿನ ಎದ್ದು ಓಡಾಡ್ತೀನಿ. ಕಸುವು ಬಂದ್ರೆ ಮಗಳನ್ನ ಕರ್ಕಂಡು ಬರಾಕೆ ಹೋಗ್ಬೇಕು."

ಹೆತ್ತ ತಿಂಗಳಲ್ಲೇ ಕೂಸನ್ನು ಸಂತೇಬೆನ್ನೂರಿನ ಅಕ್ಕನ ಮನೆಗೆ ಕೊಟ್ಟಿದ್ದರಂತೆ. ಇವಳು ಮೊದಲ ಸಲ ಬಂದಾಗ ಅದಕ್ಕೆ ಎಂಟು ತಿಂಗಳು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದೆ. ಮೂರು ವರ್ಷ ಅದನ್ನೇ ಬರೆದೆ. ಒಮ್ಮೆ "ನಾಟಕ ಸಾಕಮ್ಮ" ಎಂದೂ ಅಂದೆ.

ನಾಲ್ಕನೆಯ ವರ್ಷ ವಾಂತಿಭೇದಿಯಾಗಿ, ಪ್ರಜ್ಞೆ ತಪ್ಪಿದವಳನ್ನು ಎತ್ತಿನ ಗಾಡಿಯಲ್ಲಿ ತಂದರು. ಬಿಪಿ ಸಿಗುತ್ತಲೇ ಇರಲಿಲ್ಲ. ಈಗ ಬಾಟ್ಲಿ ಏರಿಸದೆ ಬೇರೆ ದಾರಿಯಿರಲಿಲ್ಲ. ಗ್ಲೂಕೋಸ್ ಒಳಗೆ ಹೋಗುತ್ತಿದ್ದಂತೆ ಕಣ್ಣು ಬಿಟ್ಟಳು. ಥರ್ಮಾಮೀಟರ್ ಇಡಲು ಹೋದ ನರ್ಸ್, "ಸಾರ್, ಈಯಮ್ಮಂಗೆ ಕಂಕುಳಾಗೆ ಒಂದು ಕೂದಲೂ ಇಲ್ಲ" ಎಂದರು.

ಆಗ ನನ್ನ ತಲೆ ಓಡಿತು. ಹೆರಿಗೆ ಹೇಗಾಗಿತ್ತು ಎಂದು ಅತ್ತೆಯನ್ನು ಕೇಳಿದೆ.

"ಅಯ್ಯೋ, ರಕ್ತ ನಿಲ್ಲಲೇ ಇಲ್ಲ ಸಾರ್. ಸತ್ತೇ ಹೋದ್ಳು ಅನ್ಕಂಡಿದ್ವಿ. ಆಮೇಲೆ ಒಂದು ತೊಟ್ಟು ಹಾಲೂ ಬರ್ಲಿಲ್ಲ."

"ಮುಟ್ಟು?"

"ಅವತ್ತಿಂದ ಇಲ್ಲ. ಗಂಡಸು ಡಾಕ್ಟ್ರ ಹತ್ರ ಅದನ್ನೆಲ್ಲ ಹೆಂಗೆ ಹೇಳಾದು?"

ಮೆದುಳಿನ ಬುಡದಲ್ಲಿ, ಮೈಯ ಹಾರ್ಮೋನುಗಳನ್ನು ನಡೆಸುವ, ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಅದು ಸತ್ತುಹೋಗುವುದುಂಟು. ಹಾಲು, ಮುಟ್ಟು, ಕಂಕುಳ ಕೂದಲು, ಕಸುವು ಎಲ್ಲ ಅದರ ಹಿಂದೆಯೇ ಹೋಗುತ್ತವೆ. ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿ ಪಾಸಾಗಿದ್ದೆ, ಥೂ. ಹಾರ್ಮೋನು ಅಳೆಯಬೇಕೆಂದರೆ ಬೆಂಗಳೂರೇ ಗತಿ. ಸ್ಟಿರಾಯ್ಡೂ ಅಂಥದೇ ಒಂದು ಹಾರ್ಮೋನು; ಉಬ್ಬಸದವರಿಗೆಂದು ಇಟ್ಟಿದ್ದ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟು ನೋಡಿದೆ. ಮೂರನೆಯ ದಿನ ಅವಳು ತಾನೇ ಎದ್ದು ಕೂತು ತಲೆ ಬಾಚಿಕೊಂಡಳು. ಅದೇ ನಮ್ಮ ಲ್ಯಾಬ್ ರಿಪೋರ್ಟು. ಆಮೇಲೆ ಸ್ಟಿರಾಯ್ಡ್ ಮಾತ್ರೆಗೆ ಬದಲಾಯಿಸಿ, ವಾರ ಬಿಟ್ಟು ಥೈರಾಯ್ಡ್ ಮಾತ್ರೆಯನ್ನೂ ಸೇರಿಸಿದೆ. ಬದುಕಿರುವವರೆಗೂ ಒಂದು ದಿನವೂ ಬಿಡಬೇಡ ಎಂದು ಹೇಳಿ ಕಳಿಸಿದೆ.

ಎರಡು ತಿಂಗಳ ಮೇಲೆ ಒಬ್ಬಳೇ ಬಸ್ಸಿನಲ್ಲಿ ಬಂದಳು. ಮುಖದಲ್ಲಿ ಕಳೆ ಬಂದಿತ್ತು. ಮಗಳೆಲ್ಲಿ ಎಂದು ನಾನೇ ಕೇಳಿದೆ, ಸ್ವಲ್ಪ ಜಂಬದಿಂದಲೇ.

"ಕರ್ಕಂಡು ಬಂದಿದ್ದೆ ಸಾರ್. ಮೂರು ದಿನ ಊಟ ಬಿಟ್ಟು ಅವ್ವ ಬೇಕು, ಅವ್ವ ಬೇಕು ಅಂತ ಅತ್ಳು. ನಾನೇ ನಿಮ್ಮವ್ವ ಕಣೇ ಅಂದ್ರೆ ಬಾಗಿಲ ಹಿಂದಕ್ಕೆ ಹೋಗಿ ನಿಂತ್ಕಂಡ್ಳು. ನಿನ್ನೆ ಅಕ್ಕನ ಹತ್ರಾನೇ ಬಿಟ್ಟು ಬಂದೆ."

ನನಗೆ ನಾಚಿಕೆಯಾಯಿತು. ಬೈಯಲಿ ಎಂದು ಕಾದೆ. ಅವಳು ಚೀಟಿ ಮುಂದೆ ಚಾಚಿ, "ಮಾತ್ರೆ ಬರೀರಿ ಸಾರ್, ಬಸ್ಸಿಗೆ ಹೊತ್ತಾತು" ಎಂದಳು.