ಅಪ್ಪನ ಮರಗಳಿಗೆ ಬಿದ್ದ ಬೀಗ

ಕಂಪ್ಯೂಟರಿನ ಮುಂದೆ ಕೂತು ನಾನು ಒಂದೇ ಒಂದು ಸಲ ಅತ್ತಿದ್ದೇನೆ. ಅದೂ ಹಾಡುಹಗಲು ಹನ್ನೊಂದು ಗಂಟೆಗೆ, ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿದ್ದಾಗ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಎಂಥೆಂಥಾ ಪುಂಡರನ್ನು ಬರೀ ಕಣ್ಣಲ್ಲೇ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅವತ್ತು ಒಂದು ಕೆಂಪು ಪರದೆ ನನ್ನನ್ನು ಅಲುಗಾಡದಂತೆ ಕೂರಿಸಿತು. ಹುರುಳಿಕಾಳು ಸೀದುಹೋದದ್ದು ಗೊತ್ತಾದದ್ದು ಆಮೇಲೆ.

ಆ ಪರದೆಯ ಹಿಂದೆ ಸಿಕ್ಕಿಕೊಂಡದ್ದು ಅಪ್ಪನ ಮರಗಳು. ಬಿಳಿಗೆರೆಯ ಹತ್ತಿರ ನಮ್ಮದೊಂದು ತೆಂಗಿನ ತೋಟವಿದೆ, ನೂರಹದಿನೆಂಟು ಮರ. ಯಾವ ಸಸಿ ಯಾರ ಮನೆಯಿಂದ ಬಂತು, ಯಾವ ಮರದಿಂದ ಯಾರು ಬಿದ್ದು ಕೈ ಮುರಿದುಕೊಂಡರು, ಯಾವುದು ಸಿಡಿಲು ಬಡಿದೂ ಬದುಕಿತು, ಎಲ್ಲವೂ ಅಪ್ಪನ ನಾಲಿಗೆಯ ತುದಿಯಲ್ಲಿತ್ತು. ಮದುವೆಯ ಗೋಜಿಗೆ ಹೋಗದ ನಾನು ನಿವೃತ್ತಿಯಾದ ಮೇಲೆ ತೋಟದ ಮನೆಗೇ ಬಂದು ಅವರ ಜೊತೆ ಇದ್ದೇನೆ. ಬೆಳಿಗ್ಗೆ ತಿಂಡಿಯಾದ ಮೇಲೆ ಅಪ್ಪ ಕೋಲಿನಿಂದ ಒಂದು ಮರವನ್ನು ತಟ್ಟುವುದು, ಕಥೆ ಹೇಳುವುದು, ನಾನು ಗೀಚಿಕೊಂಡು ಬಂದು ಟೈಪು ಮಾಡುವುದು. ಹೀಗೆ ಮೂರು ವರ್ಷ. ಪುಸ್ತಕ ಮಾಡಿಸಿ ನೆಂಟರಿಷ್ಟರಿಗೆ ಕೊಡಬೇಕೆಂಬ ಆಸೆ ನನ್ನದು. ಅಪ್ಪನಿಗೆ ಆಗ ಎಂಬತ್ತೈದು. ಮುದ್ರಣ ಬೇಗ ಆಗಬೇಕೆಂಬ ಆತುರ ಅದಕ್ಕೇ.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನಾನು ಟೈಪು ಮಾಡಿದ್ದು ಸ್ಕೂಲಿನ ಕಾಲದಲ್ಲಿ ಕಲಿತ ಹಳೆಯ ಕನ್ನಡ ತಂತ್ರಾಂಶದಲ್ಲಿ. ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೆಲ್ಲ ತಲೆಬುಡವಿಲ್ಲದ ಗೀರುಗಳಾಗುತ್ತವೆ. ಕನ್ನಡದಲ್ಲಿ ಕೆಲಸ ಮಾಡುವ ನನ್ನ ವಯಸ್ಸಿನವರಿಗೆಲ್ಲ ಈ ಪಾಡು ಗೊತ್ತು. ತಿಪಟೂರಿನ ಪ್ರೆಸ್ಸಿನವರು, "ಯೂನಿಕೋಡ್‌ಗೆ ಮಾಡಿಕೊಡಿ ಮೇಡಂ, ನಮ್ಮ ಹತ್ರ ಇದು ತೆರೆಯಲ್ಲ" ಎಂದರು. ಯಾರನ್ನಾದರೂ ಕೇಳಬಹುದಿತ್ತು. ಆದರೆ ನಾನು ಕೇಳುವ ಪೈಕಿಯಲ್ಲ, ಹೇಳುವ ಪೈಕಿ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಹಳೆಯ ಕನ್ನಡವನ್ನು ಹೊಸ ಕನ್ನಡ ಮಾಡಿಕೊಡುವ ಪುಕ್ಕಟೆ ಸಾಫ್ಟ್‌ವೇರ್ ಒಂದು ಸಿಕ್ಕಿತು. ಅದರ ಪುಟದ ಮೇಲೆ ಬರೆದಿದ್ದ ಕನ್ನಡದಲ್ಲಿ ಸಾಲಿಗೊಂದು ತಪ್ಪು. ಕೆಂಪು ಪೆನ್ನಿನವಳು ನಾನು, ಆಗಲೇ ಅನುಮಾನ ಪಡಬೇಕಿತ್ತು. "ಇನ್‌ಸ್ಟಾಲ್ ಮಾಡುವಾಗ ಆಂಟಿವೈರಸ್ ಆಫ್ ಮಾಡಿ" ಎಂದಿತು, ಮಾಡಿದೆ. ಕಾವಲುಗಾರನನ್ನು ನಾನೇ ಮನೆಗೆ ಕಳಿಸಿ ಕಳ್ಳನಿಗೆ ಬಾಗಿಲು ತೆಗೆದೆ.

ಹತ್ತು ನಿಮಿಷದಲ್ಲಿ ಎಲ್ಲ ಫೈಲುಗಳ ಹೆಸರಿಗೂ ಎಂಥದೋ ಬಾಲ ಅಂಟಿಕೊಂಡಿತು. ಯಾವುದೂ ತೆರೆಯದು. ಪರದೆ ಕೆಂಪಾಗಿ, ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಇಷ್ಟು ದಿನದೊಳಗೆ ದುಡ್ಡು ಕೊಟ್ಟರೆ ಬೀಗದ ಕೈ, ಇಲ್ಲದಿದ್ದರೆ ಇಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಪಕ್ಕದಲ್ಲಿ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇದೆಯಲ್ಲ ಎಂದು ಒಂದು ಗಳಿಗೆ ಉಸಿರಾಡಿದೆ. ಆದರೆ ಎಲ್ಲಾದರೂ ಕಳೆದೀತೆಂದು ಆ ಪೆನ್‌ಡ್ರೈವನ್ನು ವರ್ಷಗಟ್ಟಲೆ ಕಂಪ್ಯೂಟರಿಗೇ ಸಿಕ್ಕಿಸಿಟ್ಟಿದ್ದೆ. ಅದರೊಳಗಿನ ಫೈಲುಗಳಿಗೂ ಅದೇ ಬಾಲ. ಆಗ ಅತ್ತೆ.

ತಿಪಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವನು ನನ್ನ ಹಳೆಯ ವಿದ್ಯಾರ್ಥಿ. ಅವನ ತಂದೆ ನಮ್ಮ ಕಡೆಯ ಪಂಪ್‌ಸೆಟ್ ಮೋಟಾರುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಸಾಬರು. ಇವನಿಗೀಗ ನಲವತ್ತು ದಾಟಿದೆ, ಕಿವಿಯ ಮೇಲೆ ನರೆ. ಫೋನು ಮಾಡಿದೆ.

"ಮಿಸ್, ಮೊದ್ಲು ನೆಟ್ ವೈರು ಕಿತ್ತಾಕಿ. ಇನ್ನೇನೂ ಮುಟ್ಬೇಡಿ. ಹಂಗೇ ತಗೊಂಡು ಬನ್ನಿ."

ಆಟೋದಲ್ಲಿ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಅವನು ನೋಡಿ, ಈ ಬೀಗ ತೆಗೆಯಲಾಗದೆಂದು ತಲೆಯಾಡಿಸಿದ.

"ಕೇಳಿದಷ್ಟು ದುಡ್ಡು ಕೊಟ್ಬುಡ್ತೀನಪ್ಪ. ನನ್ನ ಪಿಂಚಣಿ ಯಾರಿಗಾಗಿ?" ಎಂದೆ.

"ಬ್ಯಾಡಿ ಮಿಸ್. ಕಳ್ಳ ದುಡ್ಡು ಇಸ್ಕೊಂಡು ಬೀಗದ ಕೈ ಕೊಡ್ತಾನೆ ಅಂತ ಏನು ನಂಬಿಕೆ? ಕೊಡೋ ಗಿರಾಕಿ ಅಂತ ಗೊತ್ತಾದ್ರೆ ಇನ್ನೊಂದ್ಸಲ ಬತ್ತಾನೆ." ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಗೊತ್ತಿಲ್ಲದೋರು ಕೊಟ್ಟಿದ್ದು ತಿನ್ಬೇಡ್ರೋ ಅಂತ ಟೂರಿಗೆ ಹೋದಾಗೆಲ್ಲ ನಮಗೆ ಹೇಳ್ತಿದ್ರಲ್ಲ ಮಿಸ್, ನೀವೇ ತಿಂದ್ರಾ?" ಎಂದ.

ಬೇರೆ ದಿನವಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಅವತ್ತು ತೆಪ್ಪಗೆ ಅವನು ಕೊಟ್ಟ ಟೀ ಕುಡಿದೆ.

ಹಳೆಯ ಡಿಸ್ಕನ್ನು ಬಿಚ್ಚಿ ಕವರಿಗೆ ಹಾಕಿ ಕೊಟ್ಟ. ಇಂಥ ಬೀಗಗಳಿಗೆ ಕೆಲವು ಸಲ ಎಷ್ಟೋ ವರ್ಷದ ಮೇಲೆ ಕೈ ಸಿಗುವುದುಂಟಂತೆ, ಎಸೆಯಬಾರದಂತೆ. ಹೊಸ ಡಿಸ್ಕ್ ಹಾಕಿ ಎಲ್ಲವನ್ನೂ ಮೊದಲಿಂದ ತುಂಬಿದ. ಅಪ್‌ಡೇಟ್ ಬಂದಾಗಲೆಲ್ಲ ನಾನು "ಆಮೇಲೆ" ಒತ್ತುತ್ತಿದ್ದೆನಲ್ಲ, ಅದು ತಾನಾಗಿಯೇ ಆಗುವಂತೆ ಮಾಡಿದ. ದಿನದ ಕೆಲಸಕ್ಕೆ ಬೇರೆ ಲಾಗಿನ್ ಕೊಟ್ಟ. ಅದರಲ್ಲಿ ಏನನ್ನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಹೊಡೆಯುವಷ್ಟು ಹೊತ್ತಿನಲ್ಲಾದರೂ ನನಗೆ ಬುದ್ಧಿ ಬರಲಿ ಎಂದು. ಪ್ರತಿ ಇಡಲು ಎರಡು ಪುಟ್ಟ ಡಿಸ್ಕ್ ಕೊಟ್ಟು, "ಕಾಪಿ ಆದ್ಮೇಲೆ ಕಿತ್ತಿಡ್ಬೇಕು ಮಿಸ್. ಒಂದು ಮನೇಲಿ, ಇನ್ನೊಂದು ಬೇರೆ ಯಾರ ಮನೇಲಾದ್ರೂ" ಎಂದ. ಇಷ್ಟೆಲ್ಲ ಕೈಗೆ ಬಂತು. ಇಡಲು ಒಳಗೆ ಏನೂ ಇರಲಿಲ್ಲ.

ಅಪ್ಪನಿಗೆ ಹೇಳಲು ಮೂರು ದಿನ ಧೈರ್ಯ ಬರಲಿಲ್ಲ. ಗೀಚಿಕೊಂಡ ಹಾಳೆಗಳನ್ನು ಟೈಪಾದ ಹಾಗೆಲ್ಲ ನೀರೊಲೆಗೆ ಹಾಕಿದ್ದೆ. ಅವರ ಮೂರು ವರ್ಷ ನನ್ನ ಒಂದು ಬೆರಳಿನಿಂದ ಹೋಗಿತ್ತು. ಎಂಬತ್ತೈದರ ಮನುಷ್ಯನಿಗೆ ಮೂರು ವರ್ಷ ಎಂದರೆ ಏನೆಂದು ಯೋಚಿಸುತ್ತ, ಅವರು ಎದುರಾದರೆ ಅಡುಗೆಮನೆಗೆ ಸರಿಯುತ್ತಿದ್ದೆ. ನಾಲ್ಕನೆಯ ದಿನ ಅವರೇ ಕೇಳಿದರು.

"ಏನವ್ವ, ಪುಸ್ತಕ ಎಲ್ಲಿಗೆ ಬಂತು?"

ಹೇಳಿದೆ. ಕಂಪ್ಯೂಟರಿಗೆ ಬೀಗ ಹೇಗೆ ಬೀಳುತ್ತದೆ, ಪೆನ್‌ಡ್ರೈವಿಗೂ ಯಾಕೆ ಬಿತ್ತು, ಎಲ್ಲ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು.

"ಅಟ್ಟಕ್ಕೆ ಕಾಯಿ ಹಾಕಿ ಏಣಿ ತೆಗೀದೇ ಬಿಟ್ಟಂಗಾಯ್ತು ಅನ್ನು."

"ಹೂಂ ಕಣಪ್ಪ."

"ಸದ್ಯ. ನಿನ್ನ ಮುಖ ನೋಡಿ ತೋಟಕ್ಕೆ ಏನೋ ಆಗೋಯ್ತು ಅಂದ್ಕೊಂಡಿದ್ದೆ. ಮರ ಇದಾವಲ್ಲ, ನಾಳೆ ಬೆಳಿಗ್ಗೆ ಹೋಗಾನ ಬುಡು."

ಮಾರನೆಯ ದಿನ ಮೊದಲ ಮರದಿಂದ ಶುರುವಾಯಿತು. ಈ ಸಲ ಬರೀ ಹಾಳೆಯನ್ನು ನಂಬದೆ ನೋಟುಪುಸ್ತಕ ತಂದೆ. ಅಪ್ಪನ ನಡಿಗೆ ನಿಧಾನವಾಗಿತ್ತು, ಆದರೆ ಕಥೆಗಳು ಓಡುತ್ತಿದ್ದವು. ಕೆಲವು ಗಿಡ್ಡವಾದವು, ಕೆಲವು ಬೆಳೆದವು. ಕೈ ಮುರಿದುಕೊಂಡವನು ಈ ಸಲ ಕಾಲನ್ನೂ ಮುರಿದುಕೊಂಡ. ನಾನು ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಆ ಬೆಳಗುಗಳಷ್ಟು ಸುಖವಾಗಿ ನಾನು ಎಂದೂ ಇದ್ದಿಲ್ಲ. ಭಾನುವಾರ ಭಾನುವಾರ ಪ್ರತಿ ತೆಗೆದು ಡಿಸ್ಕ್ ಕಿತ್ತಿಡುತ್ತಿದ್ದೆ. ತುರುವೇಕೆರೆಯಲ್ಲಿರುವ ತಮ್ಮ ತಿಂಗಳಿಗೊಮ್ಮೆ ಬಂದಾಗ ಒಂದನ್ನು ಕೊಟ್ಟು ಇನ್ನೊಂದನ್ನು ಇಸಿದುಕೊಳ್ಳುತ್ತಿದ್ದೆ. ಅವನು ತಂದ ಪೆನ್‌ಡ್ರೈವನ್ನೂ ಪರೀಕ್ಷೆ ಮಾಡದೆ ಹಾಕಿಕೊಳ್ಳುವುದಿಲ್ಲ. "ಅಕ್ಕ ಒಡಹುಟ್ಟಿದೋನನ್ನೂ ನಂಬಲ್ಲ ಕಣಪ್ಪ" ಎಂದು ಅವನು ಅಪ್ಪನ ಹತ್ತಿರ ದೂರು ಹೇಳುತ್ತಿದ್ದ.

ಅರವತ್ತೇಳನೆಯ ಮರಕ್ಕೆ ಬಂದೆವು. ಹಿಂದಿನ ಸಲ ಇದನ್ನು ತಟ್ಟಿ, "ಇದೂ ಹಂಗೇಯ, ಹಾಲ್ಕುರಿಕೆಯಿಂದ ತಂದ ಸಸಿ" ಎಂದು ಮುಂದಕ್ಕೆ ಹೋಗಿದ್ದರು. ಒಂದೇ ಸಾಲು ಟೈಪು ಮಾಡಿದ್ದೆ. ಈ ಸಲ ಅಪ್ಪ ಬದುವಿನ ಮೇಲೆ ಕೂತರು.

"ಇದು ನಿಂದು ಕಣವ್ವ."

ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಒಂದು ಸಸಿ ನೆಡುತ್ತಾರೆ. ತಮ್ಮನ ಮರ ಬಾವಿಯ ಹತ್ತಿರವಿದೆ, ಎಲ್ಲರಿಗೂ ಗೊತ್ತು. ನನ್ನದು ಯಾವುದೆಂದು ಯಾರೂ ತೋರಿಸಿರಲಿಲ್ಲ. ಹೆಣ್ಣು ಮಗುವಿಗೆ ನೆಟ್ಟಿಲ್ಲ ಎಂದುಕೊಂಡು, ಕೇಳುವುದು ನನ್ನ ಮರ್ಯಾದೆಗೆ ಕಡಿಮೆಯೆಂದು ಅರವತ್ತನಾಲ್ಕು ವರ್ಷ ಬಿಗಿದುಕೊಂಡಿದ್ದೆ.

"ನೀನು ಹುಟ್ಟಿದಾಗ ನೆಟ್ಟಿದ್ದು ಸುಳಿ ಕೊಳೆತು ಹೋಯ್ತು. ಅದೇ ಗುಂಡೀಲಿ ಇನ್ನೊಂದು ಹಾಕ್ದೆ, ದುಂಬಿ ತಿಂತು. ಮೂರನೇದನ್ನ ದನ ಮೇಯ್ತು. ಇದು ನಾಲ್ಕನೇದು. ಮಕ್ಕಳ ಹೆಸರಿನ ಗಿಡ ಸತ್ತಿದ್ದನ್ನ ಬಾಯಿ ಬಿಟ್ಟು ಹೇಳ್ಬಾರ್ದು ಅಂತಿದ್ಲು ನಮ್ಮವ್ವ. ಹೇಳ್ಲಿಲ್ಲ."

"ಹೋದ ಸಲ ಬರ್ಕೊಳ್ಳೋವಾಗ್ಲೂ ಹೇಳ್ಲಿಲ್ವಲ್ಲಪ್ಪ?"

"ಇನ್ನೂ ಟೈಮ್ ಐತಲ್ಲ ಅಂದ್ಕೊಂಡೆ. ಬರ್ದಿದ್ದೇ ಹಂಗೆ ಒಂದು ಗಳಿಗೇಲಿ ಹೋಗೋದು ನೋಡಿದ್ಮೇಲೆ, ಬರೀದೇ ಇರೋದು ಎಷ್ಟು ಹೊತ್ತು ಉಳೀತದೆ ಅನ್ನಿಸ್ತು."

ನನಗೆ ಸಿಟ್ಟು ಬಂತು, ಅಷ್ಟು ವರ್ಷ ಸುಮ್ಮನಿದ್ದ ಅಪ್ಪನ ಮೇಲೆ, ಕೇಳದೇ ಉಳಿದ ನನ್ನ ಮೇಲೆ. ಅದರ ಹಿಂದೆಯೇ ಅಷ್ಟೇ ಸಂತೋಷವೂ ಬಂತು. ಎದ್ದು ಹೋಗಿ ಮರಕ್ಕೆ ಕೈಯಿಟ್ಟೆ, ಒರಟಾಗಿತ್ತು.

ಸಂಜೆ ಟೈಪು ಮಾಡಿದೆ. ಅವತ್ತು ಬುಧವಾರ. ಪ್ರತಿ ತೆಗೆದು ಡಿಸ್ಕ್ ಕಿತ್ತು, ತುರುವೇಕೆರೆಗೆ ಫೋನು ಹಚ್ಚಿ, ನಾಳೆಯೇ ಬಂದು ಇದನ್ನು ತೆಗೆದುಕೊಂಡು ಹೋಗು ಎಂದೆ.

"ಹೋದ ವಾರ ತಾನೆ ಬಂದಿದ್ದೆ, ಅಂಥಾ ಅರ್ಜೆಂಟು ಏನಕ್ಕ?" ಎಂದ ತಮ್ಮ.

"ನನ್ನ ಮರ ಐತೆ ಕಣ್ಲಾ ಅದ್ರಲ್ಲಿ" ಎಂದೆ.