ನಜರಚೂಕು ಅಲ್ಲ

ನಮ್ಮ ಹೆಡ್‌ಮಾಸ್ತರರು ಬರುವ ಮೊದಲು ಅವರ ಬಲ ಮೊಣಕಾಲಿನ ಸದ್ದು ಬರುತ್ತಿತ್ತು. ಹೆಜ್ಜೆಗೊಮ್ಮೆ ಕಟಕ್. ಬೇಡಕಿಹಾಳದ ಶಾಲೆಯಲ್ಲಿ ಗದ್ದಲ ಎಬ್ಬಿಸಿರುತ್ತಿದ್ದ ನಾವು ಆ ಕಟಕ್ ಕಿವಿಗೆ ಬಿದ್ದೊಡನೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆವು. ಆ ಮನುಷ್ಯ ಒಂದು ಕಡೆ ಕೂತದ್ದನ್ನು ನಾನು ನೋಡಿಲ್ಲ. ಅವರ ಕುರ್ಚಿಯ ಮೇಲೆ ನಮ್ಮ ಪಾಟಿಚೀಲಗಳು ಕೂರುತ್ತಿದ್ದವು. ಅವರು ಈ ಗೋಡೆಯಿಂದ ಆ ಗೋಡೆಗೆ ಅಡ್ಡಾಡುತ್ತ ಪಾಠ ಹೇಳುತ್ತಿದ್ದರು. ಯಾರು ಏನು ಉತ್ತರ ಕೊಟ್ಟರೂ "ಖಾತ್ರಿ ಐತೇನು?" ಎಂದು ತಿರುಗಿ ಕೇಳುವ ಚಾಳಿ ಬೇರೆ. ಐದೈದಲೆ ಇಪ್ಪತ್ತೈದು ಎಂದರೂ ಖಾತ್ರಿ ಐತೇನು. ಎದೆಗುಂದಿದ ಹುಡುಗರು ತಡಬಡಿಸಿ ಇಪ್ಪತ್ತಾರು ಅನ್ನುತ್ತಿದ್ದರು, ತಲೆಗೊಂದು ಮೊಟಕು ಬೀಳುತ್ತಿತ್ತು.

ಇನ್ನೊಂದು ಚೋದ್ಯವೆಂದರೆ ಆ ಶಾಲೆಯಲ್ಲಿ ನಾವೆಲ್ಲರೂ ಒಂದೇ ದಿನ ಹುಟ್ಟಿದವರು. ಜೂನ್ ಒಂದು. ಹೆತ್ತವರಿಗೆ ತಾರೀಖು ನೆನಪಿರುತ್ತಿರಲಿಲ್ಲ, ಶಾಲೆಗೆ ಸೇರಲು ಜೂನ್ ಒಂದಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿತೋ, ಆರು ತುಂಬಿತೆಂದೇ ಲೆಕ್ಕ. ಮುಟ್ಟಿದವರಿಗೆಲ್ಲ ಹೆಡ್‌ಮಾಸ್ತರರು ರಜಿಸ್ಟರಿನಲ್ಲಿ ಜೂನ್ ಒಂದು ಎಂದು ಬರೆಯುತ್ತಿದ್ದರು. ನನಗೂ ಹಾಗೇ ಬರೆದರು. ಹತ್ತೊಂಬತ್ತು ವರ್ಷದವಳಾದಾಗ ಆ ಒಂದು ಸಾಲು ನನ್ನ ಕುತ್ತಿಗೆಗೆ ಬಂತು.

ನನ್ನ ಅಪ್ಪ ಇಂಗ್ಲೆಂಡಿನಲ್ಲಿ ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಯೊಂದರಲ್ಲಿದ್ದ. ರಜೆಗೆ ಬಂದು, ನಾನು ಅವ್ವನ ಹೊಟ್ಟೆಯಲ್ಲಿದ್ದಾಗ ವಾಪಸ್ಸು ಹೋದವನು ಆ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿಯ ನಾಗರಿಕನಾಗಿ ದಾಖಲಾದ. ಆಮೇಲೆ ಊರಿಗೆ ಬಂದದ್ದು ಎರಡೇ ಸಲ, ಎರಡನೆಯದು ಅವ್ವ ತೀರಿಕೊಂಡಾಗ. ನನ್ನನ್ನು ಸಾಕಿದವಳು ಅಪ್ಪನ ತಾಯಿ, ನಮ್ಮ ಆಯಿ. ಎಂಬತ್ತರ ದಶಕದ ನಡುವೆ ಅಪ್ಪನ ಪತ್ರ ಬಂತು. ಎದೆಯಲ್ಲಿ ಧೂಳು ತುಂಬಿ ಆಸ್ಪತ್ರೆ ಸೇರಿದ್ದ, ನೋಡಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. "ನಾ ಇಲ್ಲಿಯವ ಆದ ಮ್ಯಾಲೆ ನೀ ಹುಟ್ಟಿದ್ರ ನೀನೂ ಹುಟ್ಟಿದಾಗಿಂದ ಇಲ್ಲಿಯಾಕಿ. ಅದಕ್ಕಿಂತ ಮೊದಲ ಹುಟ್ಟಿದ್ರ ಅಲ್ಲ. ಹುಟ್ಟಿದ ತಾರೀಖಿನ ಕಾಗದ ತಗೊಂಡು ಮುಂಬಯಿಗೆ ಹೋಗು" ಎಂದು ಬರೆದಿದ್ದ.

ಆಯಿಯನ್ನು ಕೇಳಿದರೆ, "ಎಳ್ಳ ಅಮಾಸಿಗೆ ಚರಗ ಚೆಲ್ಲಿ ಹೊಲದಿಂದ ಬಂದಿದ್ವಿ. ಮರದಿನ ನಸಕಿನ್ಯಾಗ ನೀ ಹುಟ್ಟಿದಿ" ಎಂದಳು. ಅಂದರೆ ಡಿಸೆಂಬರ್. ಚಾವಡಿಯ ಜನನ ದಾಖಲೆ ತೆಗೆಸಿದೆ. ಡಿಸೆಂಬರಿನ ಒಂದು ಸಾಲಿನಲ್ಲಿ ಅಪ್ಪನ ಹೆಸರು, ಮುಂದೆ 'ಹೆಣ್ಣು ಮಗು' ಎಂದಷ್ಟೇ ಇತ್ತು, ನನ್ನ ಹೆಸರಿರಲಿಲ್ಲ. ನನ್ನ ಹೆಸರಿದ್ದ ಶಾಲೆಯ ದಾಖಲೆ ಅದೇ ವರ್ಷದ ಜೂನ್ ಅನ್ನುತ್ತಿತ್ತು. ಎರಡನ್ನೂ ಹಿಡಿದು ಮುಂಬಯಿಯಲ್ಲಿದ್ದ ಇಂಗ್ಲೆಂಡಿನವರ ಕಚೇರಿಗೆ ಹೋದೆ. ಅಲ್ಲಿಯವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಜೂನ್ ಎಂದು ಬರೆದವರು ಯಾರು, ಯಾಕೆ ಬರೆದರು, ಅವರಿಂದಲೇ ಬರೆಸಿಕೊಂಡು ಬಾ ಎಂದರು. ಜೂನಿನವಳಾದರೆ ಅಪ್ಪನ ಹತ್ತಿರ ಹೋಗುವ ಹಕ್ಕಿಲ್ಲ, ಡಿಸೆಂಬರಿನವಳಾದರೆ ಇದೆ. ನಿಪ್ಪಾಣಿಯಲ್ಲಿ ಬಸ್ಸಿಳಿದವಳು ಮನೆಗೂ ಹೋಗದೆ ನೆಟ್ಟಗೆ ಬೇಡಕಿಹಾಳದ ಶಾಲೆಗೆ ಬಂದೆ.

ಹೆಡ್‌ಮಾಸ್ತರರಿಗಾಗ ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದವು. ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು. ಮಕ್ಕಳೆದುರೇ, "ಗುರುಗಳ, ನೀವು ಬರದ ತಾರೀಖಿನಿಂದ ನಮ್ಮಪ್ಪ ಒಬ್ಬನ ಸಾಯತಾನ್ರಿ" ಎಂದುಬಿಟ್ಟೆ.

ಅವರು ಅಡ್ಡಾಡುವುದನ್ನು ನಿಲ್ಲಿಸಿದರು. "ರಜಿಸ್ಟರದಾಗ ಏನೈತಿ ಅದ ಖರೆ. ಮನಿಗೆ ಹೋಗು" ಎಂದರು.

ಮನೆಗೆ ಹೋಗಿ ಅವರನ್ನು ಬಾಯಿಗೆ ಬಂದಂತೆ ಬೈದೆ. ಆಯಿ ಕಿವಿ ಮುಚ್ಚಿಕೊಂಡಳು.

ಮರುದಿನ ಬೆಳಗ್ಗೆ ನಮ್ಮ ಅಂಗಳದಲ್ಲಿ ಕಟಕ್ ಎಂದಿತು. ಒಳಗೆ ಬರ್ರಿ ಎಂದರೆ ಬರಲಿಲ್ಲ. ಬಾಗಿಲಿಂದ ಕಟ್ಟೆಗೆ, ಕಟ್ಟೆಯಿಂದ ಬಾಗಿಲಿಗೆ ಓಡಾಡುತ್ತ ಹೇಳಿದರು.

"ನಿನ್ನ ಕೈ ಕಿವಿಗೆ ಮುಟ್ಟಿರಲಿಲ್ಲ ಯವ್ವಾ. ಎರಡ ಬೆರಳ ಕಡಿಮಿ ಇತ್ತು. ನಾನ ನಿನ್ನ ತಲಿ ವಾಲ್ಸಿ ಮುಟ್ಟಿಸಿದೆ."

"ಯಾಕ್ರಿ?"

"ನಿಮ್ಮ ಆಯಿ ಆಗಲೇ ನಿನ್ನ ತೊಡಿ ಮ್ಯಾಲೆ ಬೀಡಿ ಮೊರ ಇಟ್ಟಿದ್ಳು. ಸಣ್ಣ ಬೆರಳಿಗೆ ದಾರ ಸುತ್ತೂದು ಲಗೂನ ಬರತೈತಿ. ಒಂದ ವರ್ಷ ಬಿಟ್ಟಿದ್ರ ನೀ ಸಾಲಿ ಮಾರಿ ನೋಡತಿದ್ದಿಲ್ಲ."

ಒಳಗೆ ಬೀಡಿ ಕಟ್ಟುತ್ತಿದ್ದ ಆಯಿ ತಲೆ ಎತ್ತಲಿಲ್ಲ. ನಿನ್ನೆ ಬೈದ ಬೈಗುಳವೆಲ್ಲ ನನಗೇ ತಿರುಗಿ ಬಿದ್ದಂತಾಗಿ ಮುಖ ಎಲ್ಲಿಡಲಿ ಎನ್ನಿಸಿತು.

ಅದೇ ವಾರ ಅಫಿಡವಿಟ್ಟು ಮಾಡಿಸಲು ಅವರೂ ನಾನೂ ಚಿಕ್ಕೋಡಿಗೆ ಹೋದೆವು. ಬಸ್ಸಿನಲ್ಲಿ ಸೀಟಿದ್ದರೂ ಅವರು ಕಂಬ ಹಿಡಿದು ನಿಂತೇ ಬಂದರು. ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ವಕೀಲರೊಬ್ಬರ ಮೇಜಿತ್ತು. ಸಂಗತಿ ಕೇಳಿದ ವಕೀಲರು ಒಳ್ಳೆಯ ಮನಸ್ಸಿನಿಂದಲೇ ಟೈಪಿಸ್ಟನಿಗೆ ಹೇಳಿದರು: "ಸದರಿ ಜನ್ಮ ದಿನಾಂಕವನ್ನು ನಾನು ನಜರಚೂಕಿನಿಂದ ತಪ್ಪಾಗಿ ಬರೆದಿರುತ್ತೇನೆ."

"ನಜರಚೂಕು ಅಲ್ಲ," ಎಂದರು ಹೆಡ್‌ಮಾಸ್ತರರು. "ಗೊತ್ತಿದ್ದು ಬರದೀನಿ ಅಂತ ಹಾಕ್ರಿ."

ವಕೀಲರು ಕನ್ನಡಕ ತೆಗೆದರು. "ಮಾಸ್ತರ, ಕಣ್ತಪ್ಪಿ ಆತು ಅಂದ್ರ ಯಾರೂ ಏನೂ ಕೇಳೂದಿಲ್ಲ. ಗೊತ್ತಿದ್ದು ಅಂದ್ರ ಸರಕಾರಿ ದಾಖಲಾ ತಿದ್ದಿದಂಗ. ನೌಕರಿಗೆ ಬರತೈತಿ."

"ಒಮ್ಮೆ ಚುಕಿದವ ಈಗೂ ಚುಕಿರಬಹುದು ಅಂತಾರ ಅವರು. ನನ್ನ ಮಾತು ಯಾರ ನಂಬತಾರ? ಗೊತ್ತಿದ್ದು ಸುಳ್ಳ ಬರದವಗ ಖರೆ ಯಾವದು ಅಂತ ಗೊತ್ತಿರತೈತಿ. ಹಂಗ ಹಾಕ್ರಿ."

ನಾನು ಬೇಡ ಅನ್ನಬೇಕಾಗಿತ್ತು. ಅನ್ನಲಿಲ್ಲ. ಟೈಪ್ ಮುಗಿಯುವವರೆಗೆ ಅವರು ಮರದ ಸುತ್ತ ಸುತ್ತುತ್ತಿದ್ದರು. ಸಹಿ ಮಾಡಿ ಕಾಗದ ನನ್ನ ಕೈಗೆ ಕೊಡುವಾಗ ಹೇಳಿದ್ದು ಇಷ್ಟೇ: "ಇದು ಮುಂಬಯಿಗೆ ಅಷ್ಟ. ಇಲ್ಲಿ ಯಾವ ಕಚೇರಿಗೂ ಕೊಡಬ್ಯಾಡ. ನಂದಿನ್ನ ಎಂಟ ತಿಂಗಳ ಐತಿ."

ಹೂಂ ಎಂದೆ.

ಮುಂಬಯಿಗೆ ಕಳಿಸಿ ಕಾದೆ. ಎರಡು ವಾರವಾಯಿತು, ಮೂರು ಆಯಿತು. ಪೋಸ್ಟಿನವನನ್ನು ಊರ ಅಗಸಿ ಬಾಗಿಲಲ್ಲೇ ಅಡ್ಡಗಟ್ಟಿ ಕೇಳುತ್ತಿದ್ದೆ. ಅಪ್ಪನ ಪತ್ರಗಳು ಎರಡು ಸಾಲಿಗೆ ಇಳಿದಿದ್ದವು. ಆಗ ಪರಿಚಯದ ಗುಮಾಸ್ತರೊಬ್ಬರು, ಶಾಲೆಯ ರಜಿಸ್ಟರೇ ತಿದ್ದಿಸಿಕೊಂಡರೆ ಯಾರೂ ಇಲ್ಲ ಅನ್ನಲಾರರು ಎಂದರು. ಅವತ್ತೇ ಕೂತು ಜನ್ಮ ದಿನಾಂಕ ತಿದ್ದುಪಡಿಗೆಂದು ಶಾಲೆಯ ಮೇಲಿನ ಕಚೇರಿಗೆ ಅರ್ಜಿ ಬರೆದೆ. ಅವರ ಅಫಿಡವಿಟ್ಟಿನ ಪ್ರತಿಯೊಂದನ್ನು ಹಿಂದೆ ಟಾಚಣಿಯಿಂದ ಚುಚ್ಚಿದೆ. ಮರೆತು ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ಅವರ ಮಾತು ನೆನಪಿತ್ತು, ಆದರೂ ಕೊಟ್ಟೆ.

ಒಂಬತ್ತು ದಿನಕ್ಕೆ ಮುಂಬಯಿಯ ಉತ್ತರ ಬಂತು. ಹೆಡ್‌ಮಾಸ್ತರರ ಹೇಳಿಕೆಯನ್ನು ಒಪ್ಪಿದ್ದೇವೆ, ತಂದೆಯ ಮೂಲಕ ನೀನು ಹುಟ್ಟಿನಿಂದಲೇ ಅಲ್ಲಿಯ ನಾಗರಿಕಳು ಎಂದಿತ್ತು. ನಾನು ಇಲ್ಲಿ ಕೊಟ್ಟ ಅರ್ಜಿ ಯಾತಕ್ಕೂ ಬೇಕಾಗಿರಲಿಲ್ಲ.

ಹೊರಟ ದಿನ ಅವರು ನಿಪ್ಪಾಣಿ ಸ್ಟ್ಯಾಂಡಿನವರೆಗೆ ಬಂದಿದ್ದರು. ಕಾಲಿಗೆ ಬಿದ್ದೆ. ಅರ್ಜಿಯ ಸಂಗತಿ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. "ಅಪ್ಪನ್ನ ಚಲೋತ್ನ್ಯಾಗ ನೋಡ್ಕೊ" ಎಂದರು.

ನೋಡಿಕೊಂಡೆ. ಅಪ್ಪ ಮೂರು ವರ್ಷ ಬದುಕಿದ. ಹೆಡ್‌ಮಾಸ್ತರರ ಪತ್ರಗಳು ವರ್ಷಕ್ಕೆರಡು ಬರುತ್ತಿದ್ದವು. ಮೊದಲನೆಯದು ಬೇಡಕಿಹಾಳದಿಂದಲ್ಲ, ಕಬ್ಬೂರಿನ ಶಾಲೆಯಿಂದ ಬಂದಿತ್ತು. 'ಇಲ್ಲಿಯ ಮಕ್ಕಳು ಬಲು ಜಾಣರು, ತಂದೆಯವರ ಕೆಮ್ಮು ಹೇಗಿದೆ' ಎಂದು ಬರೆದಿದ್ದರು. ಕಬ್ಬೂರಿಗೆ ಯಾಕೆ ಹೋದರೆಂದು ನಾನು ಕೇಳಲಿಲ್ಲ. ಕೇಳಲು ಧೈರ್ಯ ಇರಲಿಲ್ಲವೆಂದು ಈಗ ಹೇಳಬಲ್ಲೆ.

ತೊಂಬತ್ತರ ದಶಕದಲ್ಲಿ ಊರಿಗೆ ಬಂದಾಗ ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವರ ಹೆಂಡತಿಯನ್ನು ನಾವೆಲ್ಲ ಕಾಕು ಅನ್ನುತ್ತಿದ್ದೆವು. ಕಾಕು ನನ್ನನ್ನು ಹತ್ತಿರ ಕೂರಿಸಿಕೊಂಡು ಎಲ್ಲ ಹೇಳಿದರು. ನಾನು ಹೋದ ತಿಂಗಳಲ್ಲೇ ಇಲಾಖೆಯ ವಿಚಾರಣೆ, ಅಂದರೆ ಚೌಕಶಿ, ಆಯಿತಂತೆ. ಹೆಡ್‌ಮಾಸ್ತರಿಕೆ ಕಸಿದುಕೊಂಡು ಕಬ್ಬೂರಿನ ಶಾಲೆಗೆ ಸಹಾಯಕ ಶಿಕ್ಷಕರೆಂದು ಹಾಕಿದರಂತೆ. ಆ ಮೊಣಕಾಲು ಎಳೆದುಕೊಂಡು ಎರಡು ಬಸ್ಸು ಬದಲಿಸಿ ಹೋಗಿಬರುತ್ತಿದ್ದರು. ನಿವೃತ್ತಿಯ ದಿನ ಒಂದು ಹಾರವನ್ನೂ ಯಾರೂ ಹಾಕಲಿಲ್ಲ. ಮೂವತ್ತು ವರ್ಷ ನಡೆಸಿದ ಬೇಡಕಿಹಾಳದ ಶಾಲೆಯ ಮೆಟ್ಟಿಲನ್ನು ಆಮೇಲೆ ಅವರು ಹತ್ತಲಿಲ್ಲ.

ಇನ್ನು ತಡೆಯಲಾಗಲಿಲ್ಲ. "ಕಾಕೂ, ಆ ಕಾಗದ ಇಲ್ಲಿ ಕೊಟ್ಟಾಕಿ ನಾನ್ರಿ" ಎಂದೆ.

"ಗೊತ್ತೈತಿ," ಎಂದರು ಕಾಕು. "ಅವರಿಗೂ ಗೊತ್ತಿತ್ತು. ಚೌಕಶಿಗೆ ಬಂದ ಸಾಹೇಬರು ನಿನ್ನ ಅರ್ಜಿನ ಮುಂದಿಟ್ಟು ಕೇಳಿದ್ರಂತ. ಅವತ್ತ ಸಂಜಿ ಮನಿಗೆ ಬಂದವರು ಅಂಗಿನೂ ತಗೀಲಿಲ್ಲ. ಹುಡುಗಿ ಎರಡ ಪುಟದ ಅರ್ಜಿ ಬರದಾಳ, ಎಲ್ಲೂ ಒಂದ ತಪ್ಪಿಲ್ಲ, ಅಂತ ನನಗ ಹೇಳಿದ್ರು."

ಅವರೆದುರು ಹೇಳಬೇಕಾಗಿದ್ದ ಆ ಮಾತನ್ನು ಅವರಿಲ್ಲದ ಮನೆಯಲ್ಲಿ ಹೇಳಿ ಅತ್ತೆ. ವರ್ಷಕ್ಕೆರಡು ಪತ್ರದಂತೆ ಏಳು ವರ್ಷ ಅವರು ನನಗೆ ಬರೆದಿದ್ದರು. ಪ್ರತಿಯೊಂದಕ್ಕೂ ನಾನು ಉತ್ತರ ಬರೆದಿದ್ದೆ, ಯಾವುದರಲ್ಲೂ ಆ ಮಾತು ಬರೆದಿರಲಿಲ್ಲ.