ಹೊಟ್ಟೆಯ ಮೇಲಿನ ಚುಕ್ಕೆಗಳು

ಅಕ್ಕನ ಮಗಳ ಕಣ್ಣು ಹಳದಿಯಾಗಿರುವುದನ್ನು ಮೊದಲು ಗಮನಿಸಿದ್ದು ಅವಳ ಶಾಲೆಯ ಟೀಚರ್. ಭಾವ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಎಂಜಿನಿಯರ್. ಬೆಂಗಳೂರಿನಿಂದ ವರ್ಗವಾಗಿ ಬಂದವರು ಆ ಊರಿನ ಶ್ರೀಕಾರ್ಯಂ ಬಡಾವಣೆಯಲ್ಲಿ ಮನೆ ಮಾಡಿದ್ದರು. ನಾನು ಕೊಚ್ಚಿಯಲ್ಲಿ ಇಂಗ್ಲಿಷ್ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದೆ.

ಮನೆಗೆ ಹತ್ತಿರದ ಉಳ್ಳೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ವೈದ್ಯೆ ಮುಚ್ಚಿಟ್ಟು ಮಾತಾಡಲಿಲ್ಲ. ಪಿತ್ತನಾಳ ಹುಟ್ಟಿನಿಂದಲೇ ಒಂದು ಕಡೆ ಚೀಲದಂತೆ ಉಬ್ಬಿದೆ, ಪಿತ್ತ ಅಲ್ಲೇ ನಿಂತು ಸೋಂಕಾಗುತ್ತಿದೆ, ಚೀಲ ತೆಗೆಯದಿದ್ದರೆ ಲಿವರ್ ಕೆಡುತ್ತದೆ ಎಂದರು. ಕೊಚ್ಚಿಯಲ್ಲಿ ಮಕ್ಕಳಿಗೆ ಕೀಹೋಲ್ ಆಪರೇಷನ್ ಮಾಡುವ ಸರ್ಜನ್ ಒಬ್ಬರ ಬಳಿ ಕಳಿಸಿದರು.

ಸರ್ಜನ್ ಹುಡುಗಿಯ ಹೊಟ್ಟೆಯ ಮೇಲೆ ಬೆರಳಿಟ್ಟು ತೋರಿಸಿದರು. ಹೊಕ್ಕುಳಿನಲ್ಲಿ ಕ್ಯಾಮೆರಾ, ಸುತ್ತ ಮೂರು ಸಣ್ಣ ತೂತು. ಚೀಲ ತೆಗೆದು, ಲಿವರಿನಿಂದ ಬರುವ ನಾಳವನ್ನು ಕರುಳಿಗೆ ಹೊಲಿಯುವುದು. ಸೋಂಕು ಇಳಿದ ಕೂಡಲೇ ಬನ್ನಿ ಎಂದರು. ಆ ದಿನ ಅಕ್ಕ, ಭಾವ, ಹುಡುಗಿ ನನ್ನ ಮನೆಯಲ್ಲೇ ಉಳಿದರು. ಹುಡುಗಿ ಫ್ರಾಕ್ ಎತ್ತಿ ಹೊಟ್ಟೆಯ ಮೇಲೆ ಸ್ಕೆಚ್ ಪೆನ್ನಿನಿಂದ ನಾಲ್ಕು ಚುಕ್ಕೆ ಇಟ್ಟುಕೊಂಡಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮಲಯಾಳಂ.

"ಮಾಮಾ, ಇತ್ರ ಮತಿಯೋ?" ಇಷ್ಟು ಸಾಕಾ ಎಂದು ಕೇಳಿದಳು.

"ಸಾಕು ಕಣೇ. ಡಾಕ್ಟರಿಗೆ ಕೆಲಸವೇ ಉಳಿಸಲಿಲ್ಲ ನೀನು" ಎಂದೆ.

ಸೋಂಕು ಇಳಿಯಿತು. ಕಣ್ಣು ಬೆಳ್ಳಗಾಯಿತು, ರಕ್ತಪರೀಕ್ಷೆಯಲ್ಲಿ ಎಲ್ಲವೂ ಮಾಮೂಲಿಗೆ ಬಂತು. ಆಗ ಭಾವ ಆಪರೇಷನ್ ಮುಂದೂಡಿದರು.

"ನಮ್ಮಲ್ಲಿ ಸಣ್ಣ ಸಂಶಯ ಬಂದ್ರೂ ಕೌಂಟ್‌ಡೌನ್ ನಿಲ್ಲಿಸ್ತೀವಿ ಕಣೋ. ನಿಲ್ಲಿಸಿದ್ದಕ್ಕೆ ಇವತ್ತಿನವರೆಗೂ ಯಾರೂ ಯಾರನ್ನೂ ಬೈದಿಲ್ಲ" ಎಂದು ಫೋನಿನಲ್ಲಿ ಹೇಳಿದರು. "ನಂಬರ್ ಎಲ್ಲಾ ಸರಿಯಾಗಿದೆ. ಓಡಾಡ್ಕೊಂಡಿರೋ ಮಗೂನ ಯಾಕೆ ಕೊಯ್ಯಿಸ್ಬೇಕು, ಹೇಳು?"

ಅವರು ಹೆದರಿ ಹೇಳಿದ ಮಾತಲ್ಲ ಅದು. ಕಲಿತ ವಿದ್ಯೆ. ಅವರ ಕೆಲಸದಲ್ಲಿ ತಡೆದು ನಿಲ್ಲುವುದೇ ಎಚ್ಚರಿಕೆ. ನಿಂತ ರಾಕೆಟ್ ನಿಂತಲ್ಲೇ ಇರುತ್ತದೆ, ದೋಷ ಹುಡುಕಲು ಬೇಕಾದಷ್ಟು ಸಮಯ ಕೊಡುತ್ತದೆ. ಮತ್ತೆ ಜ್ವರ ಬಂದಾಗ, ಸೋಂಕಿದೆ, ಈಗ ಬೇಡ ಎಂದರು. ಜ್ವರ ಬಿಟ್ಟಾಗ, ಈಗ ಚೆನ್ನಾಗಿದ್ದಾಳಲ್ಲ ಎಂದರು. ಹೀಗೆ ಎರಡು ಮಳೆಗಾಲ ಕಳೆದವು. ಆಪರೇಷನ್ನಿಗೆ ಸರಿಯಾದ ದಿನ ಅವರ ಲೆಕ್ಕದಲ್ಲಿ ಬರಲೇ ಇಲ್ಲ.

ಅಕ್ಕ ಮೊದಲಿಗೆ ಗಂಡನ ಮಾತು ನಂಬಿದ್ದಳು. ಓಣಂ ರಜೆಗೆ ನಾನು ಹೋಗಿದ್ದಾಗ ಹುಡುಗಿ ಪಾಯಸದ ಬಟ್ಟಲು ದೂಡಿ, ಹೊಟ್ಟೆ ಹಿಡಿದು ಮುದುಡಿಕೊಂಡಳು. ಅಕ್ಕ ಅವಳನ್ನು ಎತ್ತಿಕೊಂಡವಳು ಗಂಡನ ಕಡೆ ತಿರುಗಿದಳು.

"ಇದು ನಿಮ್ಮ ರಾಕೆಟ್ ಅಲ್ಲ ಕಣ್ರೀ, ನಿಲ್ಲಿಸಿದ್ರೆ ನಿಂತಿರೋಕೆ!"

ಆ ವಾರವೇ ಕೊಚ್ಚಿಗೆ ಬಂದರು. ಹಲವು ದಿನ ಔಷಧಿ ಕೊಟ್ಟು ಜ್ವರ ಇಳಿಸಿ, ಒಂದು ಬೆಳಿಗ್ಗೆ ಅವಳನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ದರು. ವಾರ್ಡಿನ ಕಿಟಕಿಯಿಂದ ದೂರದಲ್ಲಿ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಹುಡುಗಿ ಅವನ್ನು ಜಿರಾಫೆ ಎಂದು ಕರೆದಿದ್ದಳು. ನಾವು ಮೂವರೂ ಅವನ್ನೇ ನೋಡುತ್ತ ಕೂತೆವು.

ಸರ್ಜನ್ ಹೇಳಿದ ಸಮಯಕ್ಕಿಂತ ಬಹಳ ತಡವಾಗಿ ಹೊರಬಂದರು. ಕ್ಯಾಮೆರಾ ಒಳಗೆ ಹೋದಾಗ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿತ್ತು. ಮತ್ತೆ ಮತ್ತೆ ಸೋಂಕಾದ ಚೀಲ ದೊಡ್ಡ ರಕ್ತನಾಳಕ್ಕೇ ಕಚ್ಚಿಕೊಂಡಿತ್ತು. ಬಿಡಿಸುವಾಗ ರಕ್ತ ನಿಲ್ಲಲಿಲ್ಲ, ಹೊಟ್ಟೆ ತೆರೆಯಬೇಕಾಯಿತು ಎಂದರು. ಚೀಲ ತೆಗೆದಾಗಿದೆ. ಆದರೆ ಲಿವರ್ ಗಟ್ಟಿಯಾಗಿ ಗಂಟುಗಂಟಾಗಿದೆ, ಅಷ್ಟಾದ ಮೇಲೆ ಹಿಂದಿನಂತಾಗುವ ಭರವಸೆ ಕೊಡಲಾರೆ ಎಂದರು.

ಭಾವ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು. ಮೊದಲ ಸಲ ಬಂದಾಗಲೇ ಮಾಡಿಸಿದ್ದರೆ?

ಸರ್ಜನ್ ತಲೆಯ ಟೋಪಿ ತೆಗೆದು ಕೈಯಲ್ಲಿ ಮಡಿಸಿದರು. ಆಗ ಸ್ಕ್ಯಾನಿನಲ್ಲಿ ಲಿವರ್ ಚೆನ್ನಾಗಿತ್ತು ಎಂದಷ್ಟೇ ಹೇಳಿದರು.

ಮರುದಿನ ಹುಡುಗಿಗೆ ಪೂರ್ತಿ ಎಚ್ಚರವಾಯಿತು. ಹೊದಿಕೆ ಸರಿಸಿ ನೋಡಿಕೊಂಡಳು. ಪಕ್ಕೆಲುಬಿನ ಕೆಳಗೆ ಹೊಟ್ಟೆಯ ಅಡ್ಡಕ್ಕೂ ಬಿಳಿ ಪಟ್ಟಿ.

"ಮಾಮಾ, ಎಂಡೆ ಪುಳ್ಳಿಗಳ್ ಎವಿಡೆ?"

ನನ್ನ ಚುಕ್ಕೆಗಳೆಲ್ಲಿ ಎಂದು ಕೇಳುತ್ತಿದ್ದಳು. ಪಟ್ಟಿಯ ಕೆಳಗಿವೆ ಎಂದೆ. ಅವಳು ನಂಬಲಿಲ್ಲ, ಅಪ್ಪನ ಕಡೆ ನೋಡಿದಳು. ಭಾವ ಕಿಟಕಿಯ ಕಡೆ ತಿರುಗಿದ್ದರು.

ಮನೆಗೆ ಕಳಿಸುವ ದಿನ ಸರ್ಜನ್ ಮುಂದಿನದ್ದನ್ನು ವಿವರಿಸಿದರು. ಲಿವರ್ ಎಷ್ಟು ಕಾಲ ಎಳೆಯುತ್ತದೋ ನೋಡಬೇಕು. ಕೈಕೊಟ್ಟರೆ ಬೇರೆ ಲಿವರ್ ಹಾಕಬೇಕಾಗಬಹುದು. ಅಲ್ಲಿಯವರೆಗೆ ಪರೀಕ್ಷೆ ಮಾಡಿಸುತ್ತ ಕಾಯುವುದು. ಭಾವ ಈಗಲೇ ಮಾಡಿಬಿಡಿ ಎಂದರು, ನನ್ನದೇ ಲಿವರಿನ ತುಂಡು ತೆಗೆದುಕೊಳ್ಳಿ ಎಂದರು, ಮೇಜಿನ ಅಂಚು ಹಿಡಿದು ಮತ್ತೊಮ್ಮೆ ಅದನ್ನೇ ಹೇಳಿದರು. ಸರ್ಜನ್ ಬೇಡವೆಂದು ತಲೆಯಾಡಿಸಿದರು. ಇನ್ನೂ ಆ ಹಂತ ಬಂದಿಲ್ಲ ಎಂದರು.

ಹೊರಗೆ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಭಾವ ಕೀಲಿ ಹಿಡಿದು ಬಾಗಿಲ ಬಳಿಯೇ ನಿಂತಿದ್ದರು.

"ಕಾಯ್ಬೇಕಂತೆ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ನಿಮಗೆ ಬರತ್ತಲ್ಲ. ನನಗೂ ಹೇಳಿಕೊಡಿ."